ಅಜ್ಜಂಪುರಕ್ಕೆ ಹರಾಜಿನ ದಿನ ಹೋಗಿ

ಚಿತ್ರದುರ್ಗ ಎಂದರೆ ಕೋಟೆ, ಓಬವ್ವನ ಕಿಂಡಿ, ಚಂದ್ರವಳ್ಳಿ. ಹೊರಗಿನಿಂದ ಬಂದವರು ಇಷ್ಟನ್ನು ನೋಡಿ, ಹೊತ್ತಿದ್ದರೆ ವಾಣಿವಿಲಾಸ ಸಾಗರದ ಕಟ್ಟೆಯ ಮೇಲೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಹೊಸದುರ್ಗ ಸೀಮೆಗೆ ಬರುವವರೇ ಕಡಿಮೆ. ಬಂದವರು ಹಾಲುರಾಮೇಶ್ವರಕ್ಕೆ ಕೈಮುಗಿದು, ಬಾಗೂರಿನ ಚೆನ್ನಕೇಶವ ಗುಡಿಗೋ ಹೆಗ್ಗೆರೆಯ ಬಸದಿಗೋ ಹೋದಾರು. ಮಾಡದಕೆರೆ ಹೋಬಳಿಯ ಕಡೆಗೆ ನೋಡಲಿಕ್ಕೆಂದೇ ಕಾರು ತಿರುಗಿಸಿದ ಪ್ರವಾಸಿಯನ್ನು ನಾನಂತೂ ಕಂಡಿಲ್ಲ. ಕಲ್ಲಿನಲ್ಲಿ ಕಟ್ಟಿದ್ದಷ್ಟೇ ಚರಿತ್ರೆ ಎಂದು ಪಾಠ ಕಲಿತವರಿಗೆ ಈ ಬಯಲಿನಲ್ಲಿ ನೋಡುವಂಥದ್ದೇನೂ ಕಾಣುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಈ ಸೀಮೆಯ ಹಳೆಯ ಸಿರಿವಂತಿಕೆ ನಾಲ್ಕು ಕಾಲಿನ ಮೇಲೆ ಓಡಾಡುತ್ತಿತ್ತು. ಮೇವು ಮುಗಿದ ಕಡೆಯಿಂದ ಮೇವಿದ್ದ ಕಡೆಗೆ ಎದ್ದು ಹೋಗುತ್ತಿತ್ತು. ಅಂಥದ್ದು ಗೋಡೆ ಕಟ್ಟಿ, ಶಾಸನ ನೆಟ್ಟು ಕೂರುವುದಿಲ್ಲ.

ಅಮೆರಿಕದವರಾಗಿದ್ದರೆ ಇದಕ್ಕೊಂದು ಟಿಕೆಟ್ಟು ಇಟ್ಟಿರುತ್ತಿದ್ದರು. ಟೆಕ್ಸಾಸಿನ ಫೋರ್ಟ್ ವರ್ತ್ ಎಂಬ ಊರಿನಲ್ಲಿ ಹಳೆಯ ದನದ ಪೇಟೆಯ ಬೀದಿಯೊಳಗೆ ದಿನಕ್ಕೆ ಎರಡು ಸಲ ಉದ್ದ ಕೊಂಬಿನ ದನಗಳನ್ನು ಮೆರವಣಿಗೆ ಹೊಡೆಸುತ್ತಾರೆ. ಕುದುರೆಯ ಮೇಲೆ ಅಗಲ ಟೋಪಿಯ ಕೌಬಾಯ್‌ಗಳು, ಎರಡೂ ಪಕ್ಕದಲ್ಲಿ ಮೊಬೈಲು ಹಿಡಿದ ಜನ. ಕ್ಯಾನ್ಸಸ್ಸಿನ ಡಾಡ್ಜ್ ಸಿಟಿ, ಅಬಿಲೀನ್ ಮುಂತಾದ ಸಣ್ಣ ಊರುಗಳು ಇವತ್ತಿಗೂ ಕೌಬಾಯ್ ಹೆಸರಿನಲ್ಲೇ ಪ್ರವಾಸಿಗರನ್ನು ಕರೆಯುತ್ತವೆ. ಸಿನಿಮಾ ನೋಡಿದವರಿಗೆ ಅದೊಂದು ಅನಾದಿ ಕಾಲದ ಬದುಕು ಎನಿಸಬಹುದು. ಲೆಕ್ಕ ಹಾಕಿದರೆ ಟೆಕ್ಸಾಸಿನಿಂದ ಕ್ಯಾನ್ಸಸ್ಸಿನ ರೈಲು ನಿಲ್ದಾಣಗಳಿಗೆ ದನ ಹೊಡೆದುಕೊಂಡು ಹೋದ ಆ ದೊಡ್ಡ ಕಾಲ ನಡೆದದ್ದು 1866ರಿಂದ ಸುಮಾರು 20 ವರ್ಷ ಮಾತ್ರ. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬ ರೈತ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಆ ತಂತಿ ಬಯಲನ್ನೆಲ್ಲ ತುಂಡು ಮಾಡಿತು, ರೈಲು ದನವಿದ್ದಲ್ಲಿಗೇ ಬಂತು, ಕೌಬಾಯ್ ಸಿನಿಮಾಕ್ಕೆ ಹೋದ.

ನಮ್ಮ ಕಡೆಯ ದನಗಾಹಿಯ ಚರಿತ್ರೆಗೆ 20 ವರ್ಷ ಯಾವ ಮೂಲೆಗೂ ಸಾಲದು. ಕುದುರೆ ಇಲ್ಲ, ಪಿಸ್ತೂಲು ಇಲ್ಲ, ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಕೋಲು. ಆದರೆ ಅವನ ಹಿಂದೆ ಅರಸರಿದ್ದಾರೆ, ದೇವರಿದ್ದಾರೆ, ದೊಡ್ಡ ದೊಡ್ಡ ಯುದ್ಧಗಳಿವೆ. ಅದನ್ನು ಕಣ್ಣಿನಿಂದ ನೋಡಬೇಕು ಎನ್ನುವವರು ಮಾಡದಕೆರೆ ಸೀಮೆಯಿಂದ ಜಿಲ್ಲೆಯ ಗಡಿ ದಾಟಿ, ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಅಜ್ಜಂಪುರಕ್ಕೆ ಹೋಗಬೇಕು. ಮೊದಲು ತರೀಕೆರೆಯ ಹೋಬಳಿಯಾಗಿದ್ದು ಈಚೆಗೆ ತಾಲ್ಲೂಕು ಕೇಂದ್ರವಾದ ಸಣ್ಣ ಊರು. ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲು ದಾರಿಯ ಮೇಲಿದೆ. ಪೇಟೆಯಲ್ಲಿ ಈರುಳ್ಳಿ ಮಾತು, ಅಡಿಕೆ ಮಾತು, ಭದ್ರಾ ಮೇಲ್ದಂಡೆಯ ನೀರಿನ ಮಾತು. ಆದರೆ ಇಲ್ಲಿಯೇ ಇದೆ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ.

ಅಮೃತಮಹಲ್ ದನವನ್ನು ಒಮ್ಮೆ ನೋಡಿದವರು ಬೇರೆ ದನದೊಂದಿಗೆ ಅದನ್ನು ಕಲಸಿಕೊಳ್ಳುವುದಿಲ್ಲ. ಬೂದು ಬಿಳುಪು ಮೈ, ಕಿರಿದಾದ ಉದ್ದ ಮುಖ, ಹಣೆಯ ನಡುವೆ ಒಂದು ಗೀರು, ಬುಡದಲ್ಲಿ ಕೂಡಿಕೊಂಡಂತೆ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ, ಭರ್ಜಿಯ ತುದಿಯಂಥ ಕೊಂಬು. ಹಾಲು ಕಡಿಮೆ, ಕರುವಿಗೆ ಸಾಕಾದರೆ ಹೆಚ್ಚು. ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿ ಮುದ್ದು ಮಾಡುವ ದನವಲ್ಲ ಇದು. ಬಯಲಿನಲ್ಲೇ ಹುಟ್ಟಿ ಬಯಲಿನಲ್ಲೇ ಬೆಳೆಯುವುದರಿಂದ ಅರೆಗಾಡು. ತನ್ನ ಕಾವಲುಗಾರನ ಕೂಗಿಗೆ ಹಿಂಡು ಹಿಂಡಾಗಿ ಬರುವ ದನ, ಅಪರಿಚಿತ ಹತ್ತಿರ ಬಂದರೆ ಕೊಂಬು ತಗ್ಗಿಸುತ್ತದೆ. ಕಾವಲುಗಾರ ಜೊತೆಯಲ್ಲಿಲ್ಲದೆ ಹಿಂಡಿನ ಹತ್ತಿರ ಹೋಗುವ ಸಾಹಸ ಯಾರೂ ಮಾಡಬಾರದು, ಕರು ಹಾಕಿದ ಹಸು ಇದ್ದಾಗಲಂತೂ ಬೇಡವೇ ಬೇಡ.

ಈ ಹಿಂಡು ಹುಟ್ಟಿದ್ದು ಅರಮನೆಯ ಬೆಣ್ಣೆಗಾಗಿ. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ತಮ್ಮ ದನಗಳಿಗೆ ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲು ಗೊತ್ತು ಮಾಡಿ, ಆ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿಟ್ಟರು. ಬೆಣ್ಣೆಯ ದನವನ್ನು ದಂಡಿನ ದನ ಮಾಡಿದವನು ಹೈದರಾಲಿ. ಸೋತ ಪಾಳೆಯಗಾರರ ಖಜಾನೆಯ ಜೊತೆಗೆ ಅವರ ದನವನ್ನೂ ಅವನು ಎಳೆದುಕೊಂಡ. 1779ರಲ್ಲಿ ಚಿತ್ರದುರ್ಗ ಬಿದ್ದಾಗಿನ ಮದಕರಿ ನಾಯಕನ ಕಥೆಯನ್ನು ನಾವು ಕಣ್ಣೀರಿಟ್ಟು ಹೇಳುತ್ತೇವೆ. ದುರ್ಗದವರ ದನದ ಕಥೆಯನ್ನು ಹೇಳುವವರಿಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಳಿಯ ದನಗಳು ಕೂಡಿಯೇ ಇಂದಿನ ಅಮೃತಮಹಲ್ ಆದದ್ದು. ಆ ಮೂರರಲ್ಲಿ ಒಂದು ನಮ್ಮ ಪಾಳೆಯಗಾರರದು. ಕೋಟೆಯ ಕಲ್ಲು ಬಿಟ್ಟರೆ ಆ ಆಳ್ವಿಕೆಯಿಂದ ಉಳಿದು ಬಂದಿರುವುದು ಇದೊಂದೇ ಇರಬೇಕು, ಅದೂ ಉಸಿರಾಡುತ್ತ.

ಟಿಪ್ಪು ಈ ಇಲಾಖೆಗೆ ಅಮೃತಮಹಲ್ ಎಂದು ಹೆಸರು ಬದಲಿಸಿ, ಅದು ಹೇಗೆ ನಡೆಯಬೇಕೆಂದು ಹುಕುಂನಾಮೆ ಹೊರಡಿಸಿದ. ವರ್ಷಕ್ಕೊಮ್ಮೆ ಹಿಂಡುಗಳ ಎಣಿಕೆ ನಡೆಯುತ್ತಿತ್ತು. ಈ ಎತ್ತುಗಳಿಂದಲೇ ಹೈದರನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರದ ನೆರವಿಗೆ ಹೋಯಿತೆಂದು ಬ್ರಿಟಿಷರ ದಾಖಲೆಗಳೇ ಹೇಳುತ್ತವೆ. ತೋಪು ಎಳೆಯುವ ಎತ್ತು ಸೈನಿಕನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದರೆ ಮಾತ್ರ ಸಾಧ್ಯವಾಗುವ ಕೆಲಸ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಈ ಹಿಂಡುಗಳನ್ನು ಬಿಡಲಿಲ್ಲ, ಹುಣಸೂರಿನಲ್ಲಿ ಕೇಂದ್ರ ಇಟ್ಟು ನಡೆಸಿದರು. ಪೇಶ್ವೆ ಎರಡನೇ ಬಾಜೀರಾಯನ ಬೆನ್ನು ಹತ್ತಿದ ಜನರಲ್ ಪ್ರಿಟ್ಜ್ಲರನ ದಳ 25 ದಿನದಲ್ಲಿ 346 ಮೈಲಿ ಸಾಗಿದ್ದಕ್ಕೂ ಇವೇ ಎತ್ತುಗಳು ಕಾರಣ. ಟಿಪ್ಪುವನ್ನು ಕೊಂದವರ ತೋಪನ್ನು ಟಿಪ್ಪುವಿನ ಎತ್ತು ಎಳೆಯಿತು. ಎತ್ತಿಗೆ ರಾಜಕೀಯವಿಲ್ಲ.

ಸರ್ಕಾರದ ಜಾಣತನಕ್ಕೆ ಒಂದು ಹಳೆಯ ಉದಾಹರಣೆಯೂ ಈ ಚರಿತ್ರೆಯಲ್ಲಿದೆ. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್, ಖರ್ಚು ಉಳಿಸುವ ಹುಮ್ಮಸ್ಸಿನಲ್ಲಿ ಇಡೀ ಅಮೃತಮಹಲನ್ನು ಮಾರಿಸಿಬಿಟ್ಟ. ಈಜಿಪ್ಟಿನ ಪಾಷಾ ಕೂಡ ಒಂದಷ್ಟು ಕೊಂಡ. ಕೆಲವೇ ವರ್ಷದಲ್ಲಿ ದಂಡಿಗೆ ತಕ್ಕ ಎತ್ತು ಸಿಗದೆ ಸರ್ಕಾರ ಕೈಕೈ ಹಿಸುಕಿಕೊಂಡು, 1866ರಲ್ಲಿ ಮತ್ತೆ ಅಲ್ಲಿಂದ ಇಲ್ಲಿಂದ ದನ ಹುಡುಕಿ ಹಿಂಡು ಕಟ್ಟಿತು. 1880ರ ದಶಕದಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಬಂತು, 1923ರಲ್ಲಿ ಕೃಷಿ ಇಲಾಖೆಗೆ ಹೋಯಿತು, 1929ರಲ್ಲಿ ಅಜ್ಜಂಪುರ ತಳಿ ಕೇಂದ್ರವಾಯಿತು. ಈಗ ಪಶುಸಂಗೋಪನೆ ಇಲಾಖೆಯ ಕೈಯಲ್ಲಿದೆ.

ಆದರೆ ಅರಸರ ಹೆಸರು, ಇಸವಿ ಬರೆದುಬಿಟ್ಟರೆ ದನ ಹೇಗೆ ಬದುಕಿತು ಎಂಬುದು ತಿಳಿಯುವುದಿಲ್ಲ. ಅದರ ಗುಟ್ಟು ಕಾವಲಿನಲ್ಲಿದೆ. ಕಾವಲು ಎಂದರೆ ಬೇಲಿಯೂ ಇಲ್ಲದ, ಉಳುಮೆಯೂ ಇಲ್ಲದ, ಮೇವಿಗೆಂದೇ ಬಿಟ್ಟ ಬಯಲು. ಹಳೆಯವರು ಅದನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು. ಮಳೆ ಬಿದ್ದೊಡನೆ ಎಲ್ಲೆಲ್ಲೂ ಹುಲ್ಲು. ಆಗ ಮಳೆಗಾಲದ ಕಾವಲಿಗೆ. ಅದು ತೀರಿದರೆ ಇನ್ನೊಂದಕ್ಕೆ. ಬೇಸಗೆಗೆ ಕೆರೆಯಂಗಳ, ನೆರಳು, ಹಸಿ ಹುಲ್ಲು ಇರುವ ಕಾವಲನ್ನು ಮುಟ್ಟದೆ ಕಾಯ್ದಿಡುತ್ತಿದ್ದರು. ಹಿಂಡು ವರ್ಷವಿಡೀ ಈ ಮೂರರ ನಡುವೆ ನಡೆಯುತ್ತಿತ್ತು. ಒಂದರಲ್ಲಿ ದನ ಮೇಯುವಾಗ ಇನ್ನೆರಡರಲ್ಲಿ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ಸರ್ಕಾರಿ ಹಿಂಡು ಎದ್ದು ಹೋದ ಮೇಲೆ ಸುತ್ತಲ ಹಳ್ಳಿಯ ದನಕ್ಕೂ ಬಿಡುವ ಪದ್ಧತಿ ಇತ್ತು. ಇಂದು ಪರಿಸರ ವಿಜ್ಞಾನಿಗಳು ಸರದಿ ಮೇವು ಎಂದು ಕಾರ್ಯಾಗಾರ ನಡೆಸಿ ಹೇಳಿಕೊಡುವುದನ್ನು ಓದುಬರಹ ಬಾರದ ಗೊಲ್ಲ ಕಾವಲುಗಾರ ನಡೆಸಿಕೊಂಡು ಬಂದಿದ್ದ. ಒಂದೇ ಒಂದು ಕಾವಲು ಕೈತಪ್ಪಿದರೂ ಈ ಸುತ್ತು ಮುರಿಯುತ್ತದೆ, ಬೇಸಗೆಯದು ಹೋದರೆ ಮಳೆಗಾಲದ್ದು ಇದ್ದೂ ಪ್ರಯೋಜನವಿಲ್ಲ. ಮುಂದೆ ಹೇಳುವ ವಿಷಯಕ್ಕೆ ಇದನ್ನು ನೆನಪಿನಲ್ಲಿಡಿ.

ಅರಸರ ದನದ ಮಾತಾಯಿತು. ದೇವರ ದನ ನೋಡಬೇಕಾದರೆ ಪೂರ್ವಕ್ಕೆ, ಚಳ್ಳಕೆರೆ, ಮೊಳಕಾಲ್ಮೂರಿನ ಕಡೆಗೆ ಹೋಗಬೇಕು. ನಾಯಕನಹಟ್ಟಿ, ನನ್ನಿವಾಳದ ಸುತ್ತಿನ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಇವುಗಳಿಗೆ ನೊಗವಿಲ್ಲ, ಮಾರಾಟವಿಲ್ಲ. ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಇವನ್ನು ಕಾಯುವವನು ಕಿಲಾರಿ. ಅದು ಸಂಬಳದ ಕೆಲಸವಲ್ಲ, ಹರಕೆಯಂಥದು. ಅವನ ಊಟ, ನಡೆ, ಮಲಗುವ ಜಾಗ ಎಲ್ಲಕ್ಕೂ ಕಟ್ಟುಪಾಡು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಈ ಜನ ಕೋಳಿಯನ್ನು ತಿನ್ನುವುದಿಲ್ಲ, ಸಾಕುವುದೂ ಇಲ್ಲ ಎಂದು ಹಿಂದಿನ ಗೆಜೆಟಿಯರುಗಳೂ ಗುರುತಿಸಿವೆ. ದೀಪಾವಳಿಯಲ್ಲಿ ದೇವರ ಎತ್ತುಗಳನ್ನು ಓಡಿಸುತ್ತಾರೆ. ಧೂಳಿನ ಮೋಡ, ಉರುಮೆಯ ಸದ್ದು, ಕೇಕೆ. ಫೋರ್ಟ್ ವರ್ತಿನ ಮೆರವಣಿಗೆಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇದನ್ನು ಯಾರಿಗೂ ತೋರಿಸಲಿಕ್ಕೆಂದು ಮಾಡುತ್ತಿಲ್ಲ. ನೋಡುಗರು ಬಾರದಿದ್ದರೂ ಎತ್ತು ಓಡುತ್ತದೆ.

ಇನ್ನು ಕಾಡುಗೊಲ್ಲರು. ಹಿರಿಯೂರು, ಹೊಸದುರ್ಗ, ಚಳ್ಳಕೆರೆ, ಶಿರಾ, ಚಿಕ್ಕನಾಯಕನಹಳ್ಳಿ ಹೀಗೆ ಈ ಒಣ ಸೀಮೆಯ ಉದ್ದಕ್ಕೂ ಗೊಲ್ಲರಹಟ್ಟಿಗಳು. ಊರಿನಿಂದ ತುಸು ಆಚೆ, ಸುತ್ತ ಮುಳ್ಳುಬೇಲಿ, ಒಳಗೆ ದನ ಕುರಿ ಮತ್ತು ಜನ. ಇವರ ಮುಖ್ಯ ದೇವರುಗಳೆಲ್ಲ ಒಂದಾನೊಂದು ಕಾಲದ ದನಗಾಹಿಗಳೇ. ಜುಂಜಪ್ಪನನ್ನೇ ನೋಡಿ. ಹಿಂಡು ಕಾಯ್ದವನು, ಅದಕ್ಕಾಗಿ ಹೋರಾಡಿದವನು, ಅವನ ಆಯುಧಕ್ಕಿಂತ ಹೆಸರಾದದ್ದು ಅವನ ಗಣೆ. ಆಳೆತ್ತರದ ಬಿದಿರಿನ ಆ ಕೊಳಲನ್ನು ಜುಂಜಪ್ಪನ ಕಥೆ ಹಾಡುವಾಗ ಇಂದಿಗೂ ಊದುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆ ಇದೆ. ಎತ್ತಪ್ಪ, ಚಿತ್ರಲಿಂಗ, ಕಾಟಮಲಿಂಗ ಎಂದು ಇವನ ಸರೀಕರು ಬಹಳ. ಈ ಕಥನಗಳನ್ನು ತೀ.ನಂ. ಶಂಕರನಾರಾಯಣ ಅವರಂಥ ವಿದ್ವಾಂಸರು ಹಟ್ಟಿ ಹಟ್ಟಿ ತಿರುಗಿ ಸಂಗ್ರಹಿಸಿದರು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ಬಾಯಲ್ಲಿಟ್ಟುಕೊಂಡಿದ್ದವರು. ಅಮೆರಿಕದ ಕೌಬಾಯ್‌ಗೆ ಹಾಲಿವುಡ್ ಸಿಕ್ಕಿತು, ನಮ್ಮವನಿಗೆ ಸಿರಿಯಜ್ಜಿ ಸಿಕ್ಕಿದರು. ಯಾರ ಅದೃಷ್ಟ ದೊಡ್ಡದು ಎಂದು ಕೇಳಿದರೆ ನಾನು ನಮ್ಮವನ ಕಡೆಗೇ ಕೈ ತೋರಿಸುತ್ತೇನೆ.

ಮುಳ್ಳುಬೇಲಿಯ ಗಟ್ಟಿತನ ನೋಡಬೇಕೆಂದರೆ ಚನ್ನಮ್ಮನಾಗತಿಹಳ್ಳಿಯ ಗೊಲ್ಲರ ದೇವರು ಕ್ಯಾತಪ್ಪನ ಜಾತ್ರೆಗೆ ಹೋಗಿ. ಬಾರೆ, ಕಾರೆ ಮುಳ್ಳುಗಳನ್ನು ಒಟ್ಟಿ ದೇವರಿಗೆ ಗುಡಿ ಕಟ್ಟುತ್ತಾರೆ, ಮೇಲೆ ಕಳಸ. ಜಾತ್ರೆಯ ದಿನ ಗೊಲ್ಲ ಯುವಕರು ಬರಿಗಾಲಲ್ಲಿ, ಬರಿಮೈಯಲ್ಲಿ ಆ ಮುಳ್ಳಿನ ಮೇಲೆ ಹತ್ತಿ ಕಳಸ ಕೀಳುತ್ತಾರೆ. ಅದನ್ನು ಮಾತಿನಲ್ಲಿ ವರ್ಣಿಸುವುದಕ್ಕಿಂತ ನೋಡುವುದು ಮೇಲು.

ಹಟ್ಟಿಯನ್ನು ನೋಡಿ ಮೈಮರೆತು ಎಲ್ಲವನ್ನೂ ಹೊಗಳುವವರ ಸಾಲಿಗೆ ನಾನು ಸೇರಲಾರೆ. ಮುಟ್ಟಾದ ಹೆಣ್ಣುಮಕ್ಕಳನ್ನು, ಹೆತ್ತ ಬಾಣಂತಿಯನ್ನು ಹಸುಗೂಸಿನ ಜೊತೆಗೆ ಹಟ್ಟಿಯ ಹೊರಗೆ ಗುಡಿಸಲಿನಲ್ಲಿಡುವ ಪದ್ಧತಿ ಎಷ್ಟೋ ಕಡೆ ಈಗಲೂ ಪೂರ್ತಿ ಹೋಗಿಲ್ಲ. ಚಳಿಯಲ್ಲಿ, ಮಳೆಯಲ್ಲಿ ಕೂಸುಗಳು ಸತ್ತಿವೆ. ಇದನ್ನು ಸಂಸ್ಕೃತಿ ಎಂಬ ಹೆಸರಿನ ಕೆಳಗೆ ಮುಚ್ಚಿಡುವುದು ಪಾಪ. ಹಟ್ಟಿಯೊಳಗಿನ ಓದಿದ ಹೆಣ್ಣುಮಕ್ಕಳೇ ಇದರ ವಿರುದ್ಧ ಮಾತಾಡುತ್ತಿದ್ದಾರೆ; ಅವರ ಮಾತಿಗೆ ಹೊರಗಿನವರ ಉಪದೇಶಕ್ಕಿಂತ ತೂಕ ಹೆಚ್ಚು.

ದನಕ್ಕಾಗಿ ಸತ್ತವರಿಗೂ ಈ ನಾಡು ಕಲ್ಲು ನಿಲ್ಲಿಸಿದೆ. ನಮ್ಮ ಹಳ್ಳಿಗಳ ಕೆರೆ ಏರಿ, ಹನುಮಂತರಾಯನ ಗುಡಿಯ ಹಿಂಭಾಗದಲ್ಲಿ ಅರ್ಧ ಹೂತು ನಿಂತಿರುವ ವೀರಗಲ್ಲುಗಳನ್ನು ಬಗ್ಗಿ ನೋಡಿ. ಎಷ್ಟೋ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕೊಂಬು ಎತ್ತಿದ ದನಗಳ ಸಾಲು, ಅವುಗಳ ಮುಂದೆ ಬಿಲ್ಲು ಅಥವಾ ಕತ್ತಿ ಹಿಡಿದ ಒಬ್ಬ ಆಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದೆದುರು ಕೂತ ಅವನೇ. ಊರ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ಬಿಡಿಸಿ, ಸತ್ತವನು ಅವನು. ತುರುಗೋಳ್ ಎಂದು ಶಾಸನಗಳು ಅದನ್ನು ಕರೆಯುತ್ತವೆ. ಡಾಡ್ಜ್ ಸಿಟಿಯಲ್ಲಿ ಗುಂಡೇಟಿಗೆ ಸತ್ತವರ ಗೋರಿಗಳನ್ನು ಮ್ಯೂಸಿಯಂ ಮಾಡಿದ್ದಾರೆ. ನಮ್ಮಲ್ಲಿ ಸಾವಿರ ವರ್ಷದ ಹಿಂದಿನ ದನಗಾಹಿಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ.

ಈಗ ಕಹಿ ಮಾತು. ಹಳೆಯ ಮೈಸೂರು ಸೀಮೆಯಲ್ಲಿ ಅಮೃತಮಹಲ್ ಕಾವಲುಗಳು ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದವು. ಇಂದು ಅದರ ಐದನೇ ಒಂದು ಭಾಗವೂ ದನದ ಪಾಲಿಗೆ ಉಳಿದಿಲ್ಲ. ಎಲ್ಲಿ ಹೋಯಿತು ಎಂದರೆ ಒಬ್ಬನೇ ಕಳ್ಳನ ಕಡೆ ಬೆರಳು ಮಾಡುವಂತಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹೆಚ್ಚು ಆಹಾರ ಬೆಳೆಯಿರಿ ಎಂದು ಸರ್ಕಾರವೇ ಕಾವಲನ್ನು ಉಳಲು ಕೊಟ್ಟಿತು. ಭೂಮಿಯಿಲ್ಲದ ಬಡವರಿಗೆ ಒಂದಷ್ಟು ಸಿಕ್ಕಿತು; ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಹೆಸರಿನಲ್ಲಿ ಬಲಾಢ್ಯರು ಒತ್ತಿಕೊಂಡದ್ದು ಅದಕ್ಕಿಂತ ಹೆಚ್ಚು. ಇನ್ನಷ್ಟು ಕಡೆ ನೀಲಗಿರಿ, ಅಕೇಶಿಯಾ ನೆಟ್ಟು ಕಾಡು ಬೆಳೆಸಿದೆವು ಎಂದು ಲೆಕ್ಕ ತೋರಿಸಿದರು. ಹುಲ್ಲು ಬೆಳೆಯುವ ಜಾಗದಲ್ಲಿ ಮರ ನೆಟ್ಟರೆ ಮರವೂ ಸೊರಗುತ್ತದೆ, ಹುಲ್ಲೂ ಸಾಯುತ್ತದೆ. ಮೂಲದಲ್ಲಿ ಇರುವ ತಪ್ಪು ಒಂದೇ: ಕಂದಾಯದ ಕಡತಗಳಲ್ಲಿ ಇಂಥ ಬಯಲಿಗೆ ಬಂಜರು ಎಂದು ಬರೆಯುವುದು. ಕರಡ, ಗಂಜಿಗರಿಕೆ ಬೆಳೆಯುವ, ಕೃಷ್ಣಮೃಗ, ತೋಳ, ಗೌಜಲಕ್ಕಿಗಳಿಗೆ ಮನೆಯಾದ ನೆಲ ಬಂಜರು ಹೇಗಾಗುತ್ತದೆ?

ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ನಡೆದದ್ದು ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ ಮುಂತಾದವಕ್ಕೆ ಹೋಯಿತು. ಕಾಂಪೌಂಡು ಗೋಡೆ ಏಳುವವರೆಗೂ ಎಷ್ಟೋ ಹಳ್ಳಿಯವರಿಗೆ ವಿಷಯವೇ ಗೊತ್ತಿರಲಿಲ್ಲ. ಹಳ್ಳಿಗರು ಗೋಡೆಯ ಮುಂದೆ ನಿಂತು ಪ್ರತಿಭಟಿಸಿದರು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಗೋಡೆ ಉಳಿಯಿತು. 2017ರಲ್ಲಿ ಅಲ್ಲಿ ಮಾನವರಹಿತ ವಿಮಾನಗಳ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ದೇಶಕ್ಕೆ ವಿಮಾನ ಬೇಕು, ಸಂಶೋಧನೆಯೂ ಬೇಕು, ಇದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಸುತ್ತಿನ ದೇವರ ಎತ್ತುಗಳಿಗೆ ಮೇವಿಲ್ಲವೆಂದು ಬರಗಾಲ ಬಂದಾಗಲೆಲ್ಲ ದಾನಿಗಳ ಮುಂದೆ ಕೈಯೊಡ್ಡಬೇಕಾಗಿದೆ. ಟೆಕ್ಸಾಸಿನಲ್ಲಿ ಮುಳ್ಳುತಂತಿ ಮಾಡಿದ ಕೆಲಸವನ್ನು ಇಲ್ಲಿ ಕಾಂಪೌಂಡು ಮಾಡಿತು.

ಒಳ್ಳೆಯ ಸುದ್ದಿಯಲ್ಲೂ ಒಂದು ಅಳುಕಿದೆ. ಭದ್ರಾ ಮೇಲ್ದಂಡೆಯ ನೀರು ಅಜ್ಜಂಪುರದ ಬಳಿಯ ಸುಮಾರು 7 ಕಿಲೋಮೀಟರ್ ಸುರಂಗದ ಮೂಲಕ ನಮ್ಮ ಜಿಲ್ಲೆಯತ್ತ ಬರುತ್ತಿದೆ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ದಿನ ಹಿರಿಯೂರಿನವರು ಬಾಗಿನ ಹಿಡಿದು ಓಡಿದ್ದು ಸಹಜವೇ. ಆದರೆ ನೀರು ಬಂದಲ್ಲಿ ಅಡಿಕೆ ಬರುತ್ತದೆ, ಅಡಿಕೆ ಬಂದಲ್ಲಿ ಬೇಲಿ ಬರುತ್ತದೆ. ಎಕರೆಗೆ ಲಕ್ಷ ಲಕ್ಷ ಬೆಲೆ ಏರಿದ ಮೇಲೆ ಹುಲ್ಲಿಗೆಂದು ಜಾಗ ಬಿಡಿ ಎಂದರೆ ಯಾರು ಕೇಳುತ್ತಾರೆ?

ಕೈಬಿಟ್ಟೇ ಹೋಯಿತು ಎನ್ನುವಂತೆಯೂ ಇಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಿಂದ ಸಂರಕ್ಷಣಾ ಮೀಸಲು ಪ್ರದೇಶ. ಏಳು ಚದರ ಕಿಲೋಮೀಟರಿನಷ್ಟು ಬಯಲು, ಅದರೊಳಗೆ ಕೃಷ್ಣಮೃಗ, ತೋಳ, ಜೊತೆಗೆ ಅಮೃತಮಹಲ್ ಹಿಂಡು. ದನವನ್ನು ಓಡಿಸಿ ಪ್ರಾಣಿ ಉಳಿಸುವ ಹುಚ್ಚಿಗೆ ಬೀಳದೆ ಎರಡನ್ನೂ ಇಟ್ಟುಕೊಂಡ ಈ ಕಾವಲು ಉಳಿದವಕ್ಕೆ ಮಾದರಿಯಾಗಬೇಕಿತ್ತು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಎಮ್ಮಿಗನೂರಿನಲ್ಲೂ ಅಜ್ಜಂಪುರ ಕೇಂದ್ರದ ಹಿಂಡಿದೆ.

ಹೋಗುವವರಿಗೆ ಒಂದೆರಡು ಮಾತು. ಮುಂಗಾರು ಮುಗಿದು ಹುಲ್ಲು ತೆನೆಗಟ್ಟುವ ಹೊತ್ತಿನಿಂದ ಸಂಕ್ರಾಂತಿಯವರೆಗೆ ಕಾವಲು ನೋಡಲು ಚೆಂದ. ಅಜ್ಜಂಪುರದ ಕೇಂದ್ರದಲ್ಲಿ ಮೊದಲೇ ಕೇಳಿ, ಒಪ್ಪಿಗೆ ಪಡೆದು, ಅಲ್ಲಿನ ಸಿಬ್ಬಂದಿಯ ಜೊತೆಗೇ ಹಿಂಡಿನ ಹತ್ತಿರ ಹೋಗಿ. ನಾಯಿ ಕರೆದೊಯ್ಯಬೇಡಿ, ಡ್ರೋನ್ ಹಾರಿಸಬೇಡಿ. ಹಟ್ಟಿಗಳಿಗೆ ಹೋದರೆ ಚಪ್ಪಲಿ ಎಲ್ಲಿ ಬಿಡಬೇಕೆಂದು ಹಿರಿಯರನ್ನು ಕೇಳಿ. ಒಳಗೆ ದೇವರ ಎತ್ತಿನ ಗೂಡಿನ ಫೋಟೊ ತೆಗೆಯುವ ಮೊದಲಂತೂ ಕೇಳಲೇಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಹರಾಜಿನ ದಿನ ಹೋಗಿ. ಚಳಿ ಇಳಿಯುವ ಹೊತ್ತಿಗೆ ವರ್ಷಕ್ಕೊಮ್ಮೆ ಅಜ್ಜಂಪುರ ಕೇಂದ್ರದಲ್ಲಿ ಗಂಡು ಕರುಗಳ ಬಹಿರಂಗ ಹರಾಜು. ಹಾವೇರಿ, ಗದಗ, ದಾವಣಗೆರೆ, ಶಿವಮೊಗ್ಗದ ಕಡೆಯಿಂದ ರೈತರು ಹಿಂದಿನ ದಿನವೇ ಬಂದು ಸೇರುತ್ತಾರೆ. ಹೋರಿ ಹಬ್ಬದ ಹುಚ್ಚಿನ ಹುಡುಗರದ್ದೇ ಒಂದು ದಂಡು. ಜೋಡಿಯ ಬೆಲೆ ಲಕ್ಷ ದಾಟುವುದು ಈಗ ಸುದ್ದಿಯೇ ಅಲ್ಲ. ಹಗ್ಗ ಕಾಣದ ಕರುವಿಗೆ ಮೊದಲ ಸಲ ಮೂಗುದಾರ ಬಿಗಿಯುವಾಗ ಐದಾರು ಗಟ್ಟಿ ಆಳುಗಳು ನೆಲಕ್ಕೆ ಉರುಳುವುದನ್ನು ನೋಡಿದರೆ ಹೈದರನ ತೋಪು ಹೇಗೆ ಸಾಗಿತೆಂದು ಯಾರೂ ವಿವರಿಸಬೇಕಾಗಿಲ್ಲ. ಟ್ರ್ಯಾಕ್ಟರಿನ ಕಾಲದಲ್ಲೂ ಈ ದನಕ್ಕೆ ಗಿರಾಕಿ ಇದ್ದಾನೆ. ಇಲ್ಲದಿರುವುದು ಅದು ಮೇಯಬೇಕಾದ ನೆಲ. ಆದ್ದರಿಂದ ಹರಾಜು ಮುಗಿದು ಜನ ಚದುರಿದ ಮೇಲೆ ಅಲ್ಲಿನ ಅಧಿಕಾರಿಗಳನ್ನು ಒಂದು ಪ್ರಶ್ನೆ ಕೇಳಿಯೇ ಹೊರಡಿ: ನಿಮ್ಮೂರ ಹತ್ತಿರದ ಕಾವಲಿನಲ್ಲಿ ಕಡತದ ಪ್ರಕಾರ ಎಷ್ಟು ಎಕರೆ ಇದೆ, ನೆಲದ ಮೇಲೆ ಎಷ್ಟಿದೆ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ.